ಮಲಾಕಾ: ಸೇಂಟ್ ಪಾಲ್ ಬೆಟ್ಟದ ಇಗರ್ಜಿ ಮತ್ತು ಉಳಿದಿರೋ ಪೋರ್ಚುಗೀಸ್ ಕೋಟೆ – ಎಲ್ಲಿಂದ ಶುರು ಮಾಡೋದು, ಏನು ನೋಡೋದು?

ಪ್ರಯಾಣದ_ಚೀಲ

ಕೌಲಾಲಂಪುರಕ್ಕೆ ಹೋಗೋ ನಮ್ಮವರಲ್ಲಿ ಬಹಳ ಜನ ಮಲಾಕಾಕ್ಕೆ ಅಂತ ಒಂದು ದಿನ ಎತ್ತಿಡ್ತಾರೆ. ಆದರೆ "ಆ ಫಮೋಸಾ ಕೋಟೆ" (ಅಲ್ಲಿನ ಪೋರ್ಚುಗೀಸ್ ಕೋಟೆಯ ಹೆಸರೇ ಅದು) ಅಂತ ಹುಡುಕಿಕೊಂಡು ಹೋದವರಿಗೆ ಅಲ್ಲಿ ಕಾಣೋದು ಒಂದೇ ಒಂದು ಹೆಬ್ಬಾಗಿಲು. ಫೋಟೋ ತೆಗೆಸಿಕೊಂಡು ಹತ್ತು ನಿಮಿಷಕ್ಕೆ ವಾಪಸ್ ಬಂದು "ಇಷ್ಟೇನಾ?" ಅಂತಾರೆ. ಗೊತ್ತಿರೋರು ದಯವಿಟ್ಟು ಹೇಳಿ: ಯಾವ ಕ್ರಮದಲ್ಲಿ ನೋಡಿದರೆ ಜಾಗ ಅರ್ಥ ಆಗುತ್ತೆ? ಬೆಟ್ಟದ ಮೇಲಿನ ಇಗರ್ಜಿಗೆ ಮಂಡಿನೋವಿರೋ ಹಿರಿಯರು ಹತ್ತಬಹುದಾ? ಬಸ್ಸೋ ರೈಲೋ? ಮಳೆ, ಬಿಸಿಲಿನ ಲೆಕ್ಕ ಹೇಗೆ?

ಹಳೇಬಂದರು

ಬಾಗಿಲಿನಿಂದ ಶುರು ಮಾಡಬೇಡಿ. ಮೊದಲು ಬೆಟ್ಟ ಹತ್ತಿ, ಆಮೇಲೆ ಬಾಗಿಲಿಗೆ ಇಳಿಯಿರಿ. ಕಾರಣ ಇದೆ.

ಕೆಂಪು ಕಟ್ಟಡಗಳ ಚೌಕದಲ್ಲಿ (ಡಚ್ ಸ್ಕ್ವೇರ್ ಅಂತಾರೆ) ಸ್ಟಾಡ್‌ಹೌಸ್ (ಡಚ್ಚರ ಕಾಲದ ಆಡಳಿತ ಕಟ್ಟಡ) ಪಕ್ಕದಿಂದ ಮೇಲಕ್ಕೆ ಮೆಟ್ಟಿಲು ಇದೆ. ಅದರಲ್ಲಿ ಹತ್ತಿ ಸೇಂಟ್ ಪಾಲ್ ಇಗರ್ಜಿಯ ಮುಂದೆ, ಸಮುದ್ರದ ಕಡೆಗೆ ಮುಖ ಮಾಡಿ ನಿಂತುಕೊಳ್ಳಿ. ಕೋಟೆ ಅನ್ನೋದು ಈ ಬೆಟ್ಟವನ್ನು ಸುತ್ತುವರಿದಿದ್ದ ಗೋಡೆ. ನಿಮ್ಮ ಬಲಗಡೆ ಕೆಳಗೆ ನದಿ, ಎದುರಿಗೆ ಸಮುದ್ರ. 1511ರ ಆಗಸ್ಟ್‌ನಲ್ಲಿ ಪೋರ್ಚುಗೀಸ್ ಸೇನಾಪತಿ ಅಫೊನ್ಸೊ ದ ಅಲ್ಬುಕರ್ಕ್ ಊರನ್ನು ಗೆದ್ದ ಕೂಡಲೇ ಕಟ್ಟಲು ಶುರು ಮಾಡಿದ್ದು ನದಿಯ ಬಾಯಿಯ ಹತ್ತಿರ, ಹಡಗು ಬಂದು ನಿಲ್ಲೋ ಜಾಗದಲ್ಲಿ. ಕಲ್ಲಿಗೆ ಕಾಯಲಿಲ್ಲ, ಸುಲ್ತಾನರ ಕಾಲದ ಮಸೀದಿ ಮತ್ತು ಗೋರಿಗಳ ಕಲ್ಲುಗಳನ್ನೇ ಕಿತ್ತು ಬಳಸಿದರು. ಮುಂದೆ ಊರು ಬೆಳೆದ ಹಾಗೆ ಗೋಡೆ ಹಿಗ್ಗಿ, ಹದಿನಾರನೇ ಶತಮಾನದ ಕೊನೆಗೆ ಯುರೋಪಿಯನ್ನರ ಇಡೀ ವಸತಿ ಒಳಗೆ ಬಂತು.

ಈಗ ಎದುರಿಗೆ ಕಾಣೋ ಮೈದಾನ, ಮಾಲ್‌ಗಳು, ಅವುಗಳ ಆಚೆಯ ಕಟ್ಟಡಗಳು ಎಲ್ಲಾ ಸಮುದ್ರಕ್ಕೆ ಮಣ್ಣು ತುಂಬಿಸಿ ಮಾಡಿದ ನೆಲದ ಕಡೆಯವು. ಹಿಂದೆ ಅಲೆ ಬಡಿಯುತ್ತಿದ್ದದ್ದು ಕೆಳಗಿನ ಬಾಗಿಲಿನ ಹತ್ತಿರದಲ್ಲೇ. ಇದು ತಲೆಗೆ ಬಾರದೆ ಬಾಗಿಲ ಮುಂದೆ ನಿಂತರೆ, ರಸ್ತೆ ಬದಿಯಲ್ಲಿ ಯಾರೋ ಬಿಟ್ಟುಹೋದ ಕಮಾನಿನ ಹಾಗೆ ಕಾಣುತ್ತೆ. ಮೇಲಿನಿಂದ ನೋಡಿ ಇಳಿದರೆ ಅದು ಕರಾವಳಿಯ ಕೋಟೆಯ ಬಾಗಿಲು ಅಂತ ತಾನಾಗಿ ಗೊತ್ತಾಗುತ್ತೆ.

ಆಮೇಲಿನ ದಾರಿ: ಇಗರ್ಜಿ ಒಳಗೆ ಅರ್ಧ ಮುಕ್ಕಾಲು ಗಂಟೆ, ಹಿಂಬದಿಯ ಇಳಿಜಾರಿನ ಡಚ್ ಸ್ಮಶಾನ, ಅಲ್ಲಿಂದ ಪೋರ್ತಾ ದ ಸಾಂತಿಯಾಗೊ (ಉಳಿದ ಬಾಗಿಲು), ಬೆಟ್ಟದ ಬುಡ ಸುತ್ತಿಕೊಂಡು ನದಿ ದಡದ ಮಿಡೆಲ್‌ಬರ್ಗ್ ಕೊತ್ತಲ, ಕೊನೆಗೆ ಕ್ರೈಸ್ಟ್ ಚರ್ಚ್. ಇಡೀ ಸುತ್ತು ನಡೆದೇ ಆಗುತ್ತೆ. ನಿಧಾನವಾಗಿ ನೋಡಿದರೆ ಮೂರರಿಂದ ನಾಲ್ಕು ಗಂಟೆ. ಇಗರ್ಜಿಗೂ ಬಾಗಿಲಿಗೂ ಟಿಕೆಟ್ ಇಲ್ಲ.

ಶಾಸನಪ್ರೇಮಿ

ಹಳೇಬಂದರು ಸರ್ ಹೇಳಿದ ಕ್ರಮ ಸರಿ. ಬಾಗಿಲಿನ ಬಗ್ಗೆ ಒಂದಿಷ್ಟು ಸೇರಿಸ್ತೀನಿ, ಯಾಕಂದರೆ ಅಲ್ಲೇ ಬಹಳ ಜನ ತಪ್ಪು ಓದೋದು.

ಕಮಾನಿನ ಮೇಲೆ ಕೆತ್ತಿರೋ ಇಸವಿ ನೋಡಿ: ಆನ್ನೊ 1670. ಪೋರ್ಚುಗೀಸರು 1641ರ ಜನವರಿಯಲ್ಲೇ ಊರು ಕಳೆದುಕೊಂಡಿದ್ದರು. ಅಂದರೆ ಈ ಇಸವಿ ಕೆತ್ತಿಸಿದ್ದು ಡಚ್ಚರು. ಜೋಹೋರ್ ಸುಲ್ತಾನರ ಜತೆಗೂಡಿ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಗೆದ್ದವರು, ತಮ್ಮದೇ ಫಿರಂಗಿಯಿಂದ ಜಖಂ ಆಗಿದ್ದ ಕೋಟೆಯನ್ನು ರಿಪೇರಿ ಮಾಡಿ ಬಾಗಿಲ ಮೇಲೆ ತಮ್ಮ ಕಂಪನಿಯ (ವಿಒಸಿ) ಲಾಂಛನ ಕೂರಿಸಿದರು. ಒಂದೇ ಕಟ್ಟಡದಲ್ಲಿ ಕಟ್ಟಿದವರೂ ಗೆದ್ದವರೂ ಇದ್ದಾರೆ: ಬಾಗಿಲಿನ ಹೆಸರು ಪೋರ್ಚುಗೀಸರದು, ಹಣೆಬರಹ ಡಚ್ಚರದು.

ಮೂರನೆಯವರು ಬ್ರಿಟಿಷರು. 1795ರಲ್ಲಿ ಯುರೋಪಿನ ಯುದ್ಧದ ನಡುವೆ ಮಲಾಕಾ ಇವರ ಕೈಗೆ ಬಂತು. ಮುಂದೊಂದು ದಿನ ಡಚ್ಚರಿಗೆ ವಾಪಸ್ ಕೊಡಬೇಕಾಗುತ್ತೆ ಅಂತ ಗೊತ್ತಿತ್ತು. ಗಟ್ಟಿ ಕೋಟೆ ಸಮೇತ ಕೊಟ್ಟರೆ ತಮ್ಮ ಪಿನಾಂಗ್ ಬಂದರಿಗೆ ಪೈಪೋಟಿ. ಅದಕ್ಕೆ ಒಡೆದೇ ಕೊಡೋಣ ಅಂತ ತೀರ್ಮಾನ. 1807ರಲ್ಲಿ ಅಲ್ಲಿನ ಬ್ರಿಟಿಷ್ ಅಧಿಕಾರಿ ವಿಲಿಯಂ ಫರ್ಕುಹರ್ ಉಸ್ತುವಾರಿಯಲ್ಲಿ ಕೆಲಸ ಶುರುವಾಯಿತು. ಗೋಡೆ ಕೂಲಿಗಳ ಗುದ್ದಲಿಗೆ ಜಗ್ಗಲಿಲ್ಲ, ಮದ್ದಿಟ್ಟು ಸಿಡಿಸಬೇಕಾಯಿತು. ಮಲಾಕಾದಲ್ಲೇ ಹುಟ್ಟಿದ ಬರಹಗಾರ ಮುನ್ಶಿ ಅಬ್ದುಲ್ಲಾ ಈ ಸ್ಫೋಟಗಳನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಪಿನಾಂಗಿನಲ್ಲಿ ಅಧಿಕಾರಿಯಾಗಿದ್ದ ಸ್ಟ್ಯಾಂಫರ್ಡ್ ರಾಫಲ್ಸ್ ಇಲ್ಲಿಗೆ ಬಂದು, ಊರನ್ನು ಹಾಳು ಮಾಡಬಾರದು ಅಂತ ಮೇಲಿನವರಿಗೆ ಬರೆದ ಮೇಲೆ 1808ರಲ್ಲಿ ಕೆಲಸ ನಿಂತಿತು. ಅಷ್ಟು ಹೊತ್ತಿಗೆ ಉಳಿದಿದ್ದ ತುಂಡೇ ಈ ಬಾಗಿಲು.

ಆದ್ದರಿಂದ "ಕಾಲ ಕಳೆದು ಕೋಟೆ ಕುಸಿದಿದೆ" ಅಂತ ಮಕ್ಕಳಿಗೆ ಹೇಳಬೇಡಿ. ಕುಸಿದಿಲ್ಲ, ಲೆಕ್ಕ ಹಾಕಿ ಒಡೆದಿದ್ದಾರೆ. ಮಲಾಕಾವನ್ನು 1818ರಲ್ಲಿ ಡಚ್ಚರಿಗೆ ಕೊಟ್ಟರು, 1824ರ ಒಪ್ಪಂದದಲ್ಲಿ ಸುಮಾತ್ರಾದ ಬೆಂಕೂಲನ್ ಬಿಟ್ಟುಕೊಟ್ಟು ಮತ್ತೆ ತಗೊಂಡರು. ಕೊನೆಗೆ ಊರು ತಮ್ಮ ಹತ್ತಿರವೇ ಉಳಿಯಿತು, ಕೋಟೆ ಮಾತ್ರ ಹೋಯಿತು.

ಧಾರವಾಡದಾಂವ

ಭಾಳ ಚಲೋ ಮಾಹಿತಿ ಕೊಟ್ಟೀರಿ ಸರ್. ನನ್ನದೊಂದು ಪ್ರಶ್ನೆ. ಇಗರ್ಜಿ ಒಳಗ ಸಂತ ಫ್ರಾನ್ಸಿಸ್ ಝೇವಿಯರ್ ಸಮಾಧಿ ಐತಿ ಅಂತಾರ. ಹಂಗಾದ್ರ ಹಳೇ ಗೋವಾದಾಗ ಇರೋದು ಯಾರದು? ಎರಡೂ ಕಡೆ ಬೋರ್ಡ್ ಹಾಕ್ಯಾರಲ್ಲ?

ಶಾಸನಪ್ರೇಮಿ

ಎರಡೂ ನಿಜ. ಮಲಾಕಾದಲ್ಲಿ ಇರೋದು ಖಾಲಿ ಗುಂಡಿ.

ಝೇವಿಯರ್ 1545ರಲ್ಲಿ ಮೊದಲು ಇಲ್ಲಿಗೆ ಬಂದರು. ಮೊಲುಕ್ಕಾ, ಜಪಾನ್, ಚೀನಾ ಕಡೆಯ ಪ್ರಯಾಣಕ್ಕೆಲ್ಲ ಮಲಾಕಾವೇ ತಂಗುದಾಣ. 1547ರ ಡಿಸೆಂಬರಿನಲ್ಲಿ ಅಂಜಿರೊ ಅನ್ನೋ ಜಪಾನೀಯನ ಭೇಟಿ ಆದದ್ದೂ ಈ ಊರಲ್ಲೇ. ಅದರಿಂದಲೇ 1549ರ ಜಪಾನ್ ಪ್ರಯಾಣ ಆಯಿತು. 1552ರ ಡಿಸೆಂಬರ್ 3ರಂದು ಚೀನಾ ಕರಾವಳಿಯ ಶಾಂಗ್‌ಚ್ವಾನ್ ದ್ವೀಪದಲ್ಲಿ ತೀರಿಕೊಂಡರು. 1553ರ ಮಾರ್ಚ್‌ನಲ್ಲಿ ದೇಹ ಮಲಾಕಾಕ್ಕೆ ಬಂತು, ಈ ಇಗರ್ಜಿಯಲ್ಲಿ ಹೂಳಿದರು. ಕೆಲವು ತಿಂಗಳ ನಂತರ ತೆಗೆದು ಗೋವಾಕ್ಕೆ ಸಾಗಿಸಿದರು, 1554ರ ಮಾರ್ಚ್‌ನಲ್ಲಿ ಅಲ್ಲಿಗೆ ಮುಟ್ಟಿತು. ಈಗ ಬೊಮ್ ಜೀಸಸ್ ಬಸಿಲಿಕಾದಲ್ಲಿ ಇದೆ. ಹತ್ತು ವರ್ಷಕ್ಕೊಮ್ಮೆ ದರ್ಶನಕ್ಕೆ ಇಳಿಸ್ತಾರೆ, ಹಿಂದಿನ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರ ತನಕ.

ಮಲಾಕಾದಲ್ಲಿ ಸಮಾಧಿಯ ಗುಂಡಿ ಮೇಲೆ ತಂತಿಬಲೆಯ ಪಂಜರ ಇಟ್ಟಿದ್ದಾರೆ. ಪ್ರವಾಸಿಗಳು ಹರಕೆ ಅಂದುಕೊಂಡು ನಾಣ್ಯ ಎಸೀತಾರೆ. ದಯವಿಟ್ಟು ಎಸೀಬೇಡಿ. ಲೋಹ ತೇವದಲ್ಲಿ ಕೂತು ಕಲ್ಲಿಗೆ ಕಲೆ ಕಟ್ಟುತ್ತೆ.

ಮುಂದೆ ಇರೋ ಬಿಳಿ ಪ್ರತಿಮೆಗೆ ಬಲ ಮುಂಗೈ ಇಲ್ಲ. 1952ರಲ್ಲಿ ನಿಲ್ಲಿಸಿದ್ದು. ಮರ ಬಿದ್ದು ಕೈ ಮುರಿಯಿತು ಅಂತ ಊರವರು ಹೇಳ್ತಾರೆ. ಸಂತರ ದೇಹದಿಂದ ಬಲ ಮುಂಗೈಯನ್ನು 1614ರಲ್ಲಿ ತೆಗೆದು ರೋಮಿಗೆ ಕಳಿಸಿದ್ದಂತೂ ಇತಿಹಾಸವೇ. ಆ ಸಂಗತಿ ಗೊತ್ತಿದ್ದವರು ಪ್ರತಿಮೆ ಮುಂದೆ ಸ್ವಲ್ಪ ಹೊತ್ತು ನಿಂತೇ ನಿಲ್ತಾರೆ.

ಹಳೇಬಂದರು

ನಮ್ಮ ಕಡೆಗೂ ಒಂದು ನೇರ ಎಳೆ ಇದೆ. ಅಲ್ಬುಕರ್ಕ್ ಮಲಾಕಾಕ್ಕೆ ಹೊರಟಿದ್ದು ಗೋವಾ ಕೈಗೆ ಸಿಕ್ಕ ಮೇಲೆ, ಸುಮಾರು 1,200 ಮಂದಿ, 17–18 ಹಡಗುಗಳ ಜತೆ. ಆ ಗೋವಾವನ್ನು 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಯಿಂದ ಕಿತ್ತುಕೊಳ್ಳುವಂತೆ ಅವನನ್ನು ಒಪ್ಪಿಸಿದ್ದು, ಜತೆಗೆ ನಿಂತದ್ದು ಹೊನ್ನಾವರದ ತಿಮ್ಮಯ್ಯ (ಪೋರ್ಚುಗೀಸ್ ದಾಖಲೆಗಳ ತಿಮೋಜ). ಹೊನ್ನಾವರದಿಂದ ಗೋವಾ, ಗೋವಾದಿಂದ ಮಲಾಕಾ – ಸುಮಾರು ಒಂದೂವರೆ ವರ್ಷದಲ್ಲಿ ನಡೆದ ಕಥೆ. ಮಲಾಕಾದ ಲೂಟಿ ತುಂಬಿಕೊಂಡು ವಾಪಸ್ ಹೊರಟ ಫ್ಲೋರ್ ದ ಲ ಮಾರ್ ಹಡಗು 1511ರ ನವೆಂಬರಿನಲ್ಲಿ ಸುಮಾತ್ರಾ ತೀರದಲ್ಲಿ ಮುಳುಗಿತು. ನದಿ ದಡದ ಕಡಲ ವಸ್ತುಸಂಗ್ರಹಾಲಯವನ್ನು ಅದೇ ಹಡಗಿನ ಆಕಾರದಲ್ಲಿ ಕಟ್ಟಿದ್ದಾರೆ. ಅದು ಮಾದರಿ, ಹಳೇ ಹಡಗಲ್ಲ. ಟಿಕೆಟ್ ಇದೆ. ಮಕ್ಕಳಿದ್ದರೆ ಹೋಗಿ, ಇಲ್ಲದಿದ್ದರೆ ಆ ಹೊತ್ತನ್ನು ಬೆಟ್ಟಕ್ಕೆ ಕೊಡಿ.

ಮುರಕಲ್ಲು_ಉಡುಪಿ

ಬೆಟ್ಟದ ಮೇಲಿನ ಗೋಡೆ ಹತ್ತಿರ ಹೋಗಿ ಕಲ್ಲು ನೋಡಿ ಮಾರಾಯ್ರೇ. ನಮ್ಮ ಕರಾವಳಿಯವರಿಗೆ ಹೇಳಿಕೊಡುವುದೇ ಬೇಡ, ಅದು ಮುರಕಲ್ಲು. ಬಯಲುಸೀಮೆಯವರು ಜಂಬಿಟ್ಟಿಗೆ ಎನ್ನುವ ಅದೇ ಕೆಂಪು ಕಲ್ಲು.

ಈ ಕಲ್ಲಿನ ಗುಣ ಗೊತ್ತಿದ್ದರೆ ಆ ಅವಶೇಷ ಯಾಕೆ ಹಾಗೆ ಕಾಣುತ್ತದೆ ಎಂದು ತಿಳಿಯುತ್ತದೆ. ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಮೈಯೆಲ್ಲ ತೂತು, ಹಾಗಾಗಿ ನೀರು ಕುಡಿಯುತ್ತದೆ. ಅದಕ್ಕೇ ಹಿಂದೆ ಸುಣ್ಣದ ಗಾರೆ ಮೆತ್ತುತ್ತಿದ್ದರು. ಗಾರೆ ಉದುರಿದ ಕಡೆ ಕಲ್ಲು ಬೋಳಾಗಿ ನಿಂತಿದೆ, ಮಳೆ ನೀರು ಹರಿಯುವ ಕಡೆ ಕಪ್ಪು ಪಾಚಿ, ಬಿರುಕಿನಲ್ಲಿ ಗಿಡ. ಆಲದ ಜಾತಿಯ ಗಿಡ ಒಂದು ಬೇರು ಬಿಟ್ಟರೆ ಗೋಡೆಯನ್ನೇ ಬಿಚ್ಚಿಹಾಕುತ್ತದೆ. ಗಾರೆ ಹೋದಲ್ಲಿ ಸಿಮೆಂಟು ಮೆತ್ತಿದರೆ ಇನ್ನೂ ಕಷ್ಟ: ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ನೀರು ಒಳಗೇ ಉಳಿದು ಉಪ್ಪು ಕಟ್ಟಿ, ಕಲ್ಲಿನ ಮೈ ಹಪ್ಪಳದ ಹಾಗೆ ಎದ್ದು ಬರುತ್ತದೆ. ಹಳೇ ಗೋವಾದಲ್ಲಿಯೂ ಇದೇ ಕಲ್ಲು, ಇದೇ ರೋಗ.

ಇಗರ್ಜಿಗೆ ಮಾಡು ಇಲ್ಲ, ಗೋಡೆ ಮತ್ತು ಕಮಾನುಗಳು ಮಾತ್ರ. ಕಿಟಕಿಯ ಕಮಾನುಗಳಲ್ಲಿ ಕಲ್ಲಿನ ಜೋಡಣೆ ಬಿಚ್ಚಿ ಕಾಣುತ್ತದೆ. ಗಾರೆ ಇದ್ದಾಗ ಮುಚ್ಚಿಹೋಗುವ ಕೆಲಸ ಅದು, ಕಟ್ಟುವವರ ಕೈ ಅಲ್ಲಿ ಗೊತ್ತಾಗುತ್ತದೆ. ಗೋಡೆ ಹತ್ತುವುದು, ಕಿಟಕಿಯ ಅಂಚಿನಲ್ಲಿ ಕೂತು ಫೋಟೋ ತೆಗೆಯುವುದು ಬೇಡ. ಮುರಕಲ್ಲಿನ ಅಂಚು ಕೈಗೇ ಪುಡಿಯಾಗುತ್ತದೆ.

ಮಳೆ ಬಂದು ನಿಂತ ಮೇಲೆ ಒಂದು ಗಂಟೆ ಮೆಟ್ಟಿಲು ಭಾರಿ ಜಾರು. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ.

ಬೆಳಕುಕಿಂಡಿ

ಫೋಟೋ ಮತ್ತು ಸಮಯದ ಬಗ್ಗೆ. ಮಲೇಷ್ಯಾ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಆದರೆ ಸೂರ್ಯ ಹುಟ್ಟೋದು ಅಲ್ಲಿನ ಸಮಯ ಏಳರ ಆಸುಪಾಸು, ಮುಳುಗೋದು ಸಂಜೆ ಏಳರ ಮೇಲೆ. ನಮ್ಮ ಅಭ್ಯಾಸದಲ್ಲಿ ಆರಕ್ಕೆ ಎದ್ದು ಹೋದರೆ ಇನ್ನೂ ಕತ್ತಲೆ. ಏಳೂವರೆಯಿಂದ ಒಂಬತ್ತು ಒಳ್ಳೇ ಹೊತ್ತು. ಹತ್ತರ ಮೇಲೆ ಪ್ರವಾಸಿ ಬಸ್ಸುಗಳು ಬಂದು ಬಾಗಿಲ ಮುಂದೆ ಜನ ಸೇರ್ತಾರೆ, ನಾಲ್ಕರ ತನಕ ಬಿಸಿಲು ನೆತ್ತಿ ಮೇಲೆ. ಸಮಭಾಜಕಕ್ಕೆ ಹತ್ತಿರ ಇರೋದರಿಂದ ಮಧ್ಯಾಹ್ನ ನೆರಳು ತೀರಾ ಚಿಕ್ಕದು, ಕೆತ್ತನೆ ಎಲ್ಲಾ ಚಪ್ಪಟೆ ಕಾಣುತ್ತೆ.

ಇಗರ್ಜಿಯ ಗೋಡೆಗಳಿಗೆ ಒರಗಿಸಿಟ್ಟಿರೋ ಸಮಾಧಿ ಚಪ್ಪಡಿಗಳನ್ನು ಓದಬೇಕಾದರೆ ಓರೆ ಬೆಳಕು ಬೇಕು. ಒಂದು ಉಪಾಯ: ಮೊಬೈಲ್ ಟಾರ್ಚನ್ನು ಚಪ್ಪಡಿಯ ಪಕ್ಕಕ್ಕೆ, ಕಲ್ಲಿಗೆ ತಾಗದ ಹಾಗೆ ಒಂದು ಗೇಣು ದೂರದಲ್ಲಿ ಹಿಡಿದು ಬೆಳಕನ್ನು ಮೇಲ್ಮೈ ಮೇಲೆ ಜಾರಿಸಿ. ಎದುರಿನಿಂದ ಫ್ಲಾಶ್ ಹೊಡೆದರೆ ಏನೂ ಕಾಣದ ಕಡೆ ಅಕ್ಷರ ಎದ್ದು ನಿಲ್ಲುತ್ತೆ. ಇದ್ದಿಲು ಉಜ್ಜೋದು, ನೀರು ಚೆಲ್ಲೋದು, ಸೀಮೆಸುಣ್ಣ ಹಚ್ಚೋದು ಮಾಡಬೇಡಿ.

ಶಾಸನಪ್ರೇಮಿ

ಟಾರ್ಚ್ ಉಪಾಯ ನಮ್ಮ ವೀರಗಲ್ಲುಗಳಿಗೂ ನಡೆಯುತ್ತೆ. ಚಪ್ಪಡಿಗಳಲ್ಲಿ ಏನು ನೋಡಬೇಕು ಅಂದರೆ: ಮೊದಲ ಸಾಲು "ಹಿಯರ್" ಅಂತ ಶುರುವಾದರೆ ಡಚ್, "ಆಕ್ವಿ ಜಾಝ್" ಅಂತಿದ್ದರೆ ಪೋರ್ಚುಗೀಸ್, "ಹಿಕ್ ಯಾಸೆತ್" ಇದ್ದರೆ ಲ್ಯಾಟಿನ್. ಹಳೇ ಬರಹದಲ್ಲಿ ಯು ಬದಲು ವಿ ಕೆತ್ತಿರ್ತಾರೆ, ಅದಕ್ಕೆ ಗೊಂದಲ ಆಗಬಾರದು. ಶಿರಸ್ತ್ರಾಣ, ಗುರಾಣಿ ಇರೋವು ಮನೆತನದ ಲಾಂಛನ. ತಲೆಬುರುಡೆ, ಅಡ್ಡ ಎಲುಬು ಇರೋದನ್ನು ನೋಡಿ "ಕಡಲ್ಗಳ್ಳರ ಸಮಾಧಿ" ಅಂತ ಕೆಲವು ಗೈಡ್‌ಗಳು ಹೇಳ್ತಾರೆ. ಅಲ್ಲ. ಸಾವು ಯಾರನ್ನೂ ಬಿಡಲ್ಲ ಅಂತ ಆ ಕಾಲದ ಕ್ರೈಸ್ತ ಸಮಾಧಿಗಳಲ್ಲಿ ಹಾಕುತ್ತಿದ್ದ ಸಾಮಾನ್ಯ ಗುರುತು.

ಜಪಾನಿನ ಬಿಷಪ್ ಆಗಿದ್ದ ಪೆದ್ರೊ ಮಾರ್ತಿನ್ಸ್ ಅವರ ಕಲ್ಲೂ ಇಲ್ಲಿದೆ, ತೀರಿಕೊಂಡದ್ದು 1598ರಲ್ಲಿ. ಜಪಾನಿನ ಬಿಷಪ್ ಮಲಾಕಾದ ಮಣ್ಣಲ್ಲಿ ಇದ್ದಾರೆ ಅಂದರೆ ಈ ಬಂದರು ಎಷ್ಟು ದೂರದ ದಾರಿಗಳಿಗೆ ಕೂಡುಬಾಗಿಲಾಗಿತ್ತು ನೋಡಿ.

ಇಗರ್ಜಿ ಹಾಳಾದದ್ದೂ ಹಂತ ಹಂತವಾಗಿ. 1521ರಲ್ಲಿ ದುವಾರ್ತೆ ಕುವೆಲ್ಯು ಅನ್ನೋ ಪೋರ್ಚುಗೀಸ್ ಕಪ್ತಾನ ಕಟ್ಟಿಸಿದ ಸಣ್ಣ ಪ್ರಾರ್ಥನಾಲಯ ಇದು. 1548ರಲ್ಲಿ ಜೆಸ್ವಿಟರ (ಝೇವಿಯರ್ ಅವರ ಪಾದ್ರಿ ಸಂಘದವರ) ಕೈಗೆ ಬಂದ ಮೇಲೆ ದೊಡ್ಡದು ಮಾಡಿ, 1590ರಲ್ಲಿ ಗೋಪುರ ಸೇರಿಸಿದರು. ಡಚ್ಚರು ತಮ್ಮ ಪಂಥಕ್ಕೆ ಬದಲಾಯಿಸಿ ಸೇಂಟ್ ಪಾಲ್ ಅಂತ ಹೆಸರಿಟ್ಟರು. 1753ರಲ್ಲಿ ಕೆಳಗೆ ಕ್ರೈಸ್ಟ್ ಚರ್ಚ್ ಮುಗಿದ ಮೇಲೆ ಇಲ್ಲಿ ಪ್ರಾರ್ಥನೆ ನಿಂತು, ಹೂಳುವ ಜಾಗವಾಯಿತು. ಬ್ರಿಟಿಷರು ಮದ್ದಿನ ಉಗ್ರಾಣ ಮಾಡಿಕೊಂಡರು. ಮುಂದೆ ನಿಂತಿರೋ ಬಿಳಿ ಗೋಪುರ ಅವರು ಕಟ್ಟಿದ ದೀಪಸ್ತಂಭ. ಫೋಟೋದಲ್ಲಿ ಅದೇ ಇಗರ್ಜಿಯ ಗಂಟೆಗೋಪುರ ಅಂತ ಬರೆದಿರ್ತಾರೆ, ತಪ್ಪು.

ಪ್ರಯಾಣದ_ಚೀಲ

ಎಲ್ಲರಿಗೂ ಧನ್ಯವಾದ. ಬಸ್ಸು, ಹಿರಿಯರು, ಊಟ – ಇದರ ಬಗ್ಗೆ ಯಾರಾದರೂ?

ಸೆಲಂಗೂರ್_ಕನ್ನಡತಿ

ರೈಲು ಹುಡುಕಬೇಡಿ. ಮಲಾಕಾ ಊರೊಳಗೆ ರೈಲು ನಿಲ್ದಾಣವೇ ಇಲ್ಲ. ಹತ್ತಿರದ್ದು ಪುಲಾವ್ ಸೆಬಾಂಗ್/ತಂಪಿನ್, ಅಲ್ಲಿಂದ ಮತ್ತೆ ಮೂವತ್ತೈದು ಕಿಲೋಮೀಟರ್ ಮೇಲೆ. ನಕ್ಷೆ ನೋಡದೆ ಟಿಕೆಟ್ ತಗೊಂಡವರು ಅಲ್ಲಿ ಸಿಕ್ಕಿಹಾಕೋತಾರೆ.

ಬಸ್ಸೇ ಸರಿ. ಕೌಲಾಲಂಪುರದ ದಕ್ಷಿಣಕ್ಕೆ ಟಿಬಿಎಸ್ ಅನ್ನೋ ದೊಡ್ಡ ಬಸ್ ನಿಲ್ದಾಣ ಇದೆ. ಪಕ್ಕದಲ್ಲೇ ಬಂದಾರ್ ತಾಸಿಕ್ ಸೆಲತಾನ್ ನಿಲ್ದಾಣ. ಎಲ್‌ಆರ್‌ಟಿ, ಕೆಟಿಎಂ ಲೋಕಲ್, ವಿಮಾನ ನಿಲ್ದಾಣದ ಟ್ರಾನ್ಸಿಟ್ ರೈಲು ಮೂರೂ ಅಲ್ಲಿ ನಿಲ್ತವೆ. ಟಿಬಿಎಸ್‌ನಿಂದ ಮಲಾಕಾದ ಬಸ್ ನಿಲ್ದಾಣ ಮೆಲಾಕಾ ಸೆಂಟ್ರಲ್‌ಗೆ ಎರಡು ಗಂಟೆ. ವಿಮಾನ ನಿಲ್ದಾಣದಿಂದ ನೇರ ಬಸ್ಸೂ ಇದೆ. ಟಿಕೆಟ್ ತಗೊಳ್ಳುವಾಗ ಪಾಸ್‌ಪೋರ್ಟ್ ಕೈಲಿ ಇರಲಿ. ಶುಕ್ರವಾರ ಸಂಜೆ, ಶಾಲೆ ರಜೆ, ಹಬ್ಬದ ವಾರಾಂತ್ಯಗಳಲ್ಲಿ ಹೆದ್ದಾರಿ ಕಟ್ಟಿಕೊಂಡು ಎರಡು ಗಂಟೆ ನಾಲ್ಕಾಗುತ್ತೆ. ಅಂಥ ದಿನ ಹೋಗಿ ಬರೋ ಟಿಕೆಟ್ ಎರಡೂ ಮೊದಲೇ ಮಾಡಿಸಿ.

ಮೆಲಾಕಾ ಸೆಂಟ್ರಲ್ ಹಳೇ ಊರಲ್ಲಿಲ್ಲ, ಸುಮಾರು ಐದು ಕಿಲೋಮೀಟರ್ ಆಚೆ. ಅಲ್ಲಿಂದ 17ನೇ ನಂಬರಿನ ಊರ ಬಸ್ಸು ಡಚ್ ಸ್ಕ್ವೇರ್‌ಗೆ ಹೋಗುತ್ತೆ. ಇಬ್ಬರಿಗಿಂತ ಹೆಚ್ಚಿದ್ದರೆ ಗ್ರಾಬ್ (ಮೊಬೈಲ್ ಆ್ಯಪ್‌ನಲ್ಲಿ ಕರೆಸೋ ಟ್ಯಾಕ್ಸಿ) ಕಾರು ವಾಸಿ. ಚೌಕದಲ್ಲಿ ಅಲಂಕಾರ ಮಾಡಿದ, ಜೋರಾಗಿ ಹಾಡು ಹಾಕೋ ಸೈಕಲ್ ರಿಕ್ಷಾಗಳು ಇರ್ತವೆ. ಹತ್ತೋ ಮೊದಲು ದರ ಮಾತಾಡಿ. ಎಷ್ಟು ಹೊತ್ತು, ಎಲ್ಲಿ ತನಕ, ಒಬ್ಬರಿಗೋ ಗಾಡಿಗೋ ಅನ್ನೋದು ಮೂರೂ ಸ್ಪಷ್ಟ ಆಗಬೇಕು.

ಹಿರಿಯರ ವಿಷಯ: ಚೌಕದ ಕಡೆಯಿಂದಲೂ ಮೆಟ್ಟಿಲು, ಬಾಗಿಲ ಹಿಂದಿನಿಂದಲೂ ಮೆಟ್ಟಿಲು. ಗಾಲಿಕುರ್ಚಿ ಮೇಲೆ ಹೋಗಲ್ಲ. ಬೆಟ್ಟ ಅಂದರೆ ಚಾಮುಂಡಿ ಬೆಟ್ಟ ಅಲ್ಲ, ಸಣ್ಣ ಗುಡ್ಡ. ಮಂಡಿನೋವಿದ್ದರೂ ಅಲ್ಲಲ್ಲಿ ಕೂತು ಹತ್ತಬಹುದು, ಆದರೆ ಕಷ್ಟ ಇರೋದು ಇಳಿಯೋದರಲ್ಲಿ. ಕೋಲು ಇಟ್ಟುಕೊಳ್ಳಿ, ಬೆಳಿಗ್ಗೆಯೇ ಮುಗಿಸಿ. ಹತ್ತಲು ಆಗದವರಿಗೆ ಬಾಗಿಲು, ಅದರ ಪಕ್ಕದ ಸುಲ್ತಾನರ ಮರದ ಅರಮನೆಯ ಮಾದರಿ, ಕ್ರೈಸ್ಟ್ ಚರ್ಚ್, ನದಿ ದಡ ಎಲ್ಲಾ ಸಮತಟ್ಟಲ್ಲೇ ಇವೆ.

ಊಟ: ಚೌಕದಿಂದ ಹತ್ತು ನಿಮಿಷ ನಡೆದರೆ ಲಿಟಲ್ ಇಂಡಿಯಾ, ಬಾಳೆಎಲೆ ಊಟ ಸಿಗುತ್ತೆ. ಶುದ್ಧ ಸಸ್ಯಾಹಾರಿಗಳು ಬೇರೆ ಕಡೆ ತಿನ್ನುವಾಗ "ಬೆಲಾಚಾನ್ ಹಾಕಿದೀರಾ?" ಅಂತಲೇ ಕೇಳಿ. ಅದು ಸೀಗಡಿಯ ಪೇಸ್ಟು, ತರಕಾರಿ ಪಲ್ಯಕ್ಕೂ ಸಾಂಬಾಲ್ ಚಟ್ನಿಗೂ ಹಾಕ್ತಾರೆ. "ಮಾಂಸ ಬೇಡ" ಅಂದರೆ ಸಾಲದು, ಅವರ ಲೆಕ್ಕದಲ್ಲಿ ಇದು ಮಾಂಸ ಅಲ್ಲ.

ಮಳೆ: ಮಧ್ಯಾಹ್ನ ಮೂರರ ಮೇಲೆ ಗುಡುಗಿನ ಮಳೆ ಯಾವ ತಿಂಗಳಲ್ಲಾದರೂ ಬರಬಹುದು. ಏಪ್ರಿಲ್‌ನಿಂದ ನವೆಂಬರ್ ತನಕ ಇನ್ನೊಂದು ತರಹದ್ದು, "ಸುಮಾತ್ರಾ" ಅಂತಲೇ ಹೆಸರು: ಜಲಸಂಧಿ ಆಚೆಯಿಂದ ನಸುಕಿನಲ್ಲಿ ಗಾಳಿ ಸಮೇತ ಬಂದು ಒಂದೆರಡು ಗಂಟೆ ಸುರಿದು ಹೋಗುತ್ತೆ. ಬೆಳಿಗ್ಗೆ ಏಳಕ್ಕೆ ಮಳೆ ಇದೆ ಅಂತ ಇಡೀ ದಿನ ಕೈಬಿಡಬೇಡಿ. ಸಿಡಿಲು ಇದ್ದಾಗ ಮಾತ್ರ ಬೆಟ್ಟದ ಮೇಲೆ ಇರಬೇಡಿ, ಮೇಲೆ ಚಾವಣಿ ಇರೋ ಆಸರೆ ಕಡಿಮೆ.

ನಕ್ಷೆಹುಚ್ಚು

ಮಿಡೆಲ್‌ಬರ್ಗ್ ಕೊತ್ತಲದ ಬಗ್ಗೆ ನನ್ನ ತಕರಾರಿದೆ. ಹಳೇಬಂದರು ಅವರು ಅದನ್ನು ಪಟ್ಟಿಗೆ ಸೇರಿಸಿದ್ದಾರೆ, ಆದರೆ ಅದು ಹೊಸದಾಗಿ ಕಟ್ಟಿದ್ದು. 2006ರಲ್ಲಿ ಸುತ್ತುವ ಗೋಪುರ ಕಟ್ಟೋಕೆ ನೆಲ ಅಗೆದಾಗ ಡಚ್ಚರ ಕಾಲದ ಕೊತ್ತಲದ ತಳಪಾಯ ಸಿಕ್ಕಿತು. ಗೋಪುರವನ್ನು ಬೇರೆ ಕಡೆಗೆ ಸರಿಸಿದರು, ಅದು ತುಂಬಾ ಒಳ್ಳೇ ನಿರ್ಧಾರ. ತಳಪಾಯವನ್ನು ಹಾಗೇ ತೋರಿಸಬಹುದಿತ್ತು. ಅದರ ಮೇಲೆ ಗೋಡೆ ಎಬ್ಬಿಸಿ, ಫಿರಂಗಿ ಇಟ್ಟು, ಹಳೇದರಂತೆ ಮಾಡಿದ್ದಾರೆ. ನೋಡುವವರಿಗೆ ಯಾವುದು 1660ರದು, ಯಾವುದು ನಿನ್ನೆ ಮೊನ್ನೆಯದು ಅಂತ ಗೊತ್ತಾಗಲ್ಲ. ಅವಶೇಷಕ್ಕೆ ಇರೋ ಬೆಲೆಯೇ ಅದರ ನಿಜತನದಲ್ಲಿ.

ಹಳೇಬಂದರು

ನಿಮ್ಮ ಮಾತು ಅರ್ಧ ಒಪ್ತೀನಿ. ಹೊಸ ಕಲ್ಲು ಅಂತ ಗೊತ್ತಿಟ್ಟುಕೊಂಡೇ ನೋಡಬೇಕು. ಆದರೂ ಪಟ್ಟಿಯಲ್ಲಿ ಇಟ್ಟಿದ್ದಕ್ಕೆ ಕಾರಣ, ಅದು ಎದ್ದು ನಿಂತಿರೋದು ಹಳೇ ಜಾಗದಲ್ಲೇ. ಗೋಡೆಯ ದಪ್ಪ, ಕೊತ್ತಲ ನದಿಯ ಕಡೆಗೆ ಮೂತಿ ಚಾಚಿರೋ ಕೋನ, ಬಾಯಿಗೆ ಬಂದ ಹಡಗಿಗೆ ಎಲ್ಲಿಂದ ಗುಂಡು ಬೀಳ್ತಿತ್ತು ಅನ್ನೋದು ಅಲ್ಲಿ ನಿಂತರೆ ಮಾತ್ರ ತಿಳಿಯುತ್ತೆ. ಬಾಗಿಲೊಂದನ್ನೇ ನೋಡಿದವರಿಗೆ ಕೋಟೆಯ ಅಳತೆ ಸಿಗಲ್ಲ. ಬಾಗಿಲಿನಿಂದ ಈ ಕೊತ್ತಲಕ್ಕೆ ನಡೆದು ಹೋಗಿ. ಆ ದೂರವೇ ಗೋಡೆಯ ಒಂದು ಮಗ್ಗುಲು.

ನಕ್ಷೆಹುಚ್ಚು

ಅಳತೆಗೆ ಅಂತ ಹೋಗೋದಾದರೆ ಸರಿ. ಹಾಗಿದ್ದರೆ ಸರಿಸಿದ ಆ ಗೋಪುರಕ್ಕೂ ಹೋಗಿ: ತಾಮಿಂಗ್ ಸಾರಿ, 110 ಮೀಟರ್ ಎತ್ತರ, ಗಾಜಿನ ಕೋಣೆ ಸುತ್ತುತ್ತಾ ಸುಮಾರು 80 ಮೀಟರ್ ತನಕ ಏರುತ್ತೆ. ಏಳೇ ನಿಮಿಷ, ಹಾಗಾಗಿ ಏನು ನೋಡಬೇಕು ಅಂತ ಮೊದಲೇ ಮನಸ್ಸಲ್ಲಿರಲಿ. ಬೆಟ್ಟವನ್ನು ಗುರುತಿಸಿ, ಅದರ ಬುಡದ ರಸ್ತೆ ಗುಂಡಗೆ ಸುತ್ತೋದನ್ನು ನೋಡಿ – ಒಡೆದ ಗೋಡೆಯ ಗೆರೆ ಹೆಚ್ಚುಕಮ್ಮಿ ಅದೇ. ಆಮೇಲೆ ಕಣ್ಣು ಸಮುದ್ರದ ಕಡೆ ಹೊರಳಿಸಿದರೆ ಮಣ್ಣು ತುಂಬಿಸಿದ ನೆಲ ಎಷ್ಟು ದೂರ ಹೋಗಿದೆ ಅಂತ ಒಂದೇ ನೋಟಕ್ಕೆ ಸಿಗುತ್ತೆ. ಮಂಡಿನೋವಿಗೆ ಬೆಟ್ಟ ಹತ್ತದ ಹಿರಿಯರಿಗೂ ಇದು ಒಳ್ಳೇ ಬದಲಿ.

ಧಾರವಾಡದಾಂವ

ಸೇಂಟ್ ಜಾನ್ ಕೋಟಿ ಅಂತ ಇನ್ನೊಂದು ಐತಲ್ರಿ, ಅದಕ್ಕ ಹೋಗೂದು ಬ್ಯಾಡೇನು?

ನಕ್ಷೆಹುಚ್ಚು

ಎರಡನೇ ದಿನ ಇದ್ದರೆ ಹೋಗಿ ಸರ್. ಹಳೇ ಊರಿಂದ ಪೂರ್ವಕ್ಕೆ ಸುಮಾರು ಮೂರು ಕಿಲೋಮೀಟರ್, ಗ್ರಾಬ್ ಬೇಕು. ಪೋರ್ಚುಗೀಸರ ಪ್ರಾರ್ಥನಾಲಯ ಇದ್ದ ಗುಡ್ಡದ ಮೇಲೆ ಡಚ್ಚರು ಹದಿನೆಂಟನೇ ಶತಮಾನದಲ್ಲಿ ಕಟ್ಟಿದ ಸಣ್ಣ ಕೋಟೆ. ವಿಶೇಷ ಏನಂದರೆ ಫಿರಂಗಿಗಳ ಬಾಯಿ ಸಮುದ್ರದ ಕಡೆ ಇಲ್ಲ, ಒಳನಾಡಿನ ಕಡೆ. ಅಷ್ಟು ಹೊತ್ತಿಗೆ ಅವರ ಹೆದರಿಕೆ ಇದ್ದದ್ದು ನೆಲದ ಕಡೆಯಿಂದ. ಅರ್ಧ ಗಂಟೆ ಸಾಕು. ನೆರಳು, ಅಂಗಡಿ ನಂಬಿಕೊಂಡು ಹೋಗಬೇಡಿ, ನೀರು ಜತೆಗಿರಲಿ.

ಮುರಕಲ್ಲು_ಉಡುಪಿ

ಡಚ್ ಸ್ಮಶಾನ ಬಿಡಬೇಡಿ. ಹೆಸರು ಡಚ್ಚರದ್ದಾದರೂ ಒಳಗಿರುವ ಗೋರಿಗಳಲ್ಲಿ 33 ಬ್ರಿಟಿಷರದು, 5 ಮಾತ್ರ ಡಚ್ಚರದು. ಬೆಟ್ಟದ ಇಳಿಜಾರಿನಲ್ಲಿಯೇ ಇದೆ, ಜನ ಕಡಿಮೆ.

ಮತ್ತೆ ಕ್ರೈಸ್ಟ್ ಚರ್ಚಿನ ಬಗ್ಗೆ ಯಾರೂ ಬರೆಯಲಿಲ್ಲ. 1741ರಲ್ಲಿ, ಡಚ್ಚರು ಊರು ಗೆದ್ದು ನೂರು ವರ್ಷ ತುಂಬಿದ್ದಕ್ಕೆ ಶುರು ಮಾಡಿ 1753ಕ್ಕೆ ಮುಗಿಸಿದ್ದು. ಒಳಗೆ ಹೋದ ಕೂಡಲೇ ತಲೆ ಎತ್ತಿ ತೊಲೆ ನೋಡಿ: ಒಂದೊಂದೂ 15 ಮೀಟರ್ ಉದ್ದ, ಜೋಡಣೆಯಿಲ್ಲದೆ ಒಂದೇ ಮರದಿಂದ ಕಡಿದದ್ದು. ಅದೇ ಈ ಕಟ್ಟಡದ ಹೆಚ್ಚುಗಾರಿಕೆ. ನೆಲದಲ್ಲಿ ಹಾಸಿದ ಸಮಾಧಿ ಕಲ್ಲುಗಳಲ್ಲಿ ಆರ್ಮೇನಿಯನ್ ಲಿಪಿಯವೂ ಇವೆ, ವ್ಯಾಪಾರಕ್ಕೆ ಬಂದ ಆರ್ಮೇನಿಯನ್ನರದು. ಕೆಂಪು ಬಣ್ಣ ಮೂಲದ್ದಲ್ಲ. ಮೊದಲು ಬಿಳಿ ಇತ್ತು, 1911ರಲ್ಲಿ ಕೆಂಪು ಬಳಿದರು. ಈಗಲೂ ಪೂಜೆ ನಡೆಯುವ ಇಗರ್ಜಿ. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ, ಪ್ರಾರ್ಥನೆಯ ಹೊತ್ತಿಗೆ ಸುತ್ತಾಡಲು ಹೋಗಬೇಡಿ.

ಪ್ರಯಾಣದ_ಚೀಲ

ಕಡೇ ಪ್ರಶ್ನೆ. ಮಂಗಳೂರಿನ ಕ್ರೈಸ್ತ ಕುಟುಂಬ ಒಂದು ಜತೆಗೆ ಬರ್ತಿದೆ. ಅವಶೇಷ ಬಿಟ್ಟು, ಪೋರ್ಚುಗೀಸ್ ಕಾಲದಿಂದ ಈಗಲೂ ನಡೆದುಕೊಂಡು ಬಂದಿರೋದು ಏನಾದರೂ ಇದೆಯಾ?

ಸೆಲಂಗೂರ್_ಕನ್ನಡತಿ

ಇದೆ. ಸೇಂಟ್ ಪೀಟರ್ಸ್ ಇಗರ್ಜಿ, 1710ರದು. ಡಚ್ಚರು ಕಥೊಲಿಕರಿಗೆ ಮತ್ತೆ ಅವಕಾಶ ಕೊಟ್ಟ ಮೇಲೆ ಕಟ್ಟಿದ್ದು, ಮಲೇಷ್ಯಾದಲ್ಲಿ ಈಗಲೂ ಪೂಜೆ ನಡೆಯೋ ಕಥೊಲಿಕ ಇಗರ್ಜಿಗಳಲ್ಲೇ ಹಳೇದು. ಗುಡ್ ಫ್ರೈಡೇ ಮೆರವಣಿಗೆ ಬಹಳ ದೊಡ್ಡದು, ಆ ವಾರ ಹೋಗೋದಾದರೆ ವಸತಿ ತಿಂಗಳುಗಳ ಮೊದಲೇ ಮಾಡಿಸಿ. ಪೋರ್ಚುಗೀಸ್ ಮೂಲದ ಕ್ರಿಸ್ತಾಂಗ್ ಜನರ ವಸತಿ ಉಜೋಂಗ್ ಪಾಸಿರ್‌ನಲ್ಲಿ, ಸಮುದ್ರದ ಪಕ್ಕ. 1930ರ ದಶಕದಲ್ಲಿ ಆದದ್ದು. ಜೂನ್ 29ಕ್ಕೆ ಸಂತ ಪೇತ್ರನ ಹಬ್ಬ, ಮೀನುಗಾರರು ದೋಣಿ ಸಿಂಗರಿಸಿ ಆಶೀರ್ವಾದ ಮಾಡಿಸ್ತಾರೆ. ಬೇರೆ ದಿನಗಳಲ್ಲಿ ಸಂಜೆ ಹೋಗಿ ಮೀನೂಟ ಮಾಡಬಹುದು. ಅದು ಜನ ವಾಸ ಇರೋ ಕೇರಿ, ಮನೆ ಅಂಗಳಕ್ಕೆ ನುಗ್ಗಿ ಫೋಟೋ ತೆಗೀಬೇಡಿ ಅಂತ ಜತೆಯವರಿಗೆ ಹೇಳಿ.

ಇನ್ನೊಂದು, ಭಾರತೀಯರಿಗೆ 2023ರ ಡಿಸೆಂಬರಿನಿಂದ 30 ದಿನದ ತನಕ ವೀಸಾ ಬೇಡ ಅಂತ ಮಾಡಿದ್ದಾರೆ, ಆದರೆ ಡಿಜಿಟಲ್ ಆಗಮನ ಕಾರ್ಡ್ ತುಂಬಲೇಬೇಕು. ಮುಟ್ಟೋ ದಿನಕ್ಕೆ ಮೂರು ದಿನದೊಳಗೆ, ಸರ್ಕಾರಿ ಜಾಲತಾಣದಲ್ಲೇ. ಅದಕ್ಕೆ ಶುಲ್ಕ ಇಲ್ಲ. ದುಡ್ಡು ಕೇಳೋ ಜಾಲತಾಣ ಕಂಡರೆ ಮುಚ್ಚಿಬಿಡಿ. ವೀಸಾ ವಿನಾಯಿತಿ ಮುಂದುವರಿದಿದೆಯಾ ಅಂತ ಟಿಕೆಟ್ ಮಾಡಿಸೋ ಮೊದಲು ಅಲ್ಲೇ ನೋಡಿಕೊಳ್ಳಿ.